ಕರೆದರೆ ಓ ಅನ್ನಬೇಕು

ಆಗಿನ ಮಧ್ಯಪ್ರದೇಶದ ದಕ್ಷಿಣ ತುದಿಯ ಕಾಡಿನಲ್ಲೊಂದು ರಾಷ್ಟ್ರೀಯ ಉದ್ಯಾನ, ಅದರ ನೆಲದಡಿಯಲ್ಲಿ ಒಂದು ದೊಡ್ಡ ಗವಿ. ಒಳಗೆ ಸುಣ್ಣದ ಕಂಬಗಳಿವೆ, ಕಣ್ಣಿಲ್ಲದ ಮೀನುಗಳಿವೆ ಎಂದು ಕಾಲೇಜಿನಲ್ಲಿದ್ದಾಗ ಓದಿದ್ದೆ. ಆಮೇಲೆ ಹೋಗಿಯೂ ಬಂದೆ. ಮೀನು ನೋಡಲಿಲ್ಲ. ಕಂಬಗಳಲ್ಲಿ ಒಂದಕ್ಕೆ ಹಿಂದಲೆ ಬಡಿದದ್ದು ನೆನಪಿದೆ, ನೋಡಿದ್ದು ನೆನಪಿಲ್ಲ. ನೆನಪಿರುವುದೆಲ್ಲ ಸುಮಾರು ಒಂದು ತಾಸಿನ ಸಂಗತಿ. ಅದು ಮಾತ್ರ ಬೇಕಾದದ್ದಕ್ಕಿಂತ ಹೆಚ್ಚು ನೆನಪಿದೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಬಿ.ಎಸ್ಸಿ. ಮುಗಿಸಿ ಅಫಜಲಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ. ಆಳಂದದಲ್ಲಿ ನನ್ನ ಗೆಳೆಯನೊಬ್ಬ ಡ್ರಾಯಿಂಗ್ ಮಾಸ್ತರ. ದೀಪಾವಳಿ ರಜೆಗೆ ಒಂದು ಮೆಟಡೋರ್ ಗೊತ್ತುಮಾಡಿ, ಆಳಂದ, ಅಫಜಲಪುರ, ಜೇವರ್ಗಿಯ, ನಮ್ಮಿಬ್ಬರನ್ನೂ ಹಿಡಿದು ಹತ್ತು ಮಂದಿ ಮಾಸ್ತರರನ್ನು ಕೂಡಿಸಿದ್ದ. ಒಂದು ಸೀಟು ಉಳಿಯಿತು. ಹಿರಿಯರೊಬ್ಬರು ಜೊತೆಗಿರಲಿ ಎಂದು ಇಜೇರಿಯಿಂದ ನನ್ನ ಸೋದರಮಾವನನ್ನು ಕರೆದೆ. ಗವಿ ಎಂದೊಡನೆ ಅವನು ಒಪ್ಪಿದ. ಮೆಟಡೋರ್ ಇಜೇರಿಗೆ ಹೋದಾಗ ಅವನು ಬುತ್ತಿಯ ಗಂಟು, ಕಂದೀಲು, ಬಾವಿಯ ಹಗ್ಗ ಹಿಡಿದು ರಸ್ತೆಯಲ್ಲಿ ನಿಂತಿದ್ದ. ಹಗ್ಗ ಯಾಕೆ ಎಂದು ಯಾರೋ ಕೇಳಿದರು. ನೆಲದೊಳಗೆ ಇಳಿಯುವವರು ಹಗ್ಗವಿಲ್ಲದೆ ಹೊರಟಿದ್ದೇ ಅವನಿಗೆ ಆಶ್ಚರ್ಯವಾಗಿತ್ತು.

ಮಾವ ಇಜೇರಿಯಲ್ಲಿ ಹಗೇವು ತೆಗೆಯುವುದರಲ್ಲಿ ಹೆಸರಾದವನು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಬಾಯಿ ಒಬ್ಬ ಮನುಷ್ಯ ತೂರುವಷ್ಟೇ ಸಣ್ಣದು, ಒಳಗೆ ಒಂದು ಕೋಣೆಯಷ್ಟು ಜಾಗ. ವರ್ಷಗಟ್ಟಲೆ ಮುಚ್ಚಿದ್ದನ್ನು ತೆರೆದಾಗ ಒಳಗಿನ ಗಾಳಿ ಕೆಟ್ಟಿರುತ್ತದೆ. ಒಂದು ದಿನ ಬಾಯಿ ತೆರೆದಿಟ್ಟು, ಮರುದಿನ ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇಳಿದವನ ಎದೆಗೆ ಹಗ್ಗ. ಮೇಲಿನವನು ಘಳಿಗೆಗೊಮ್ಮೆ ಕರೆಯಬೇಕು, ಕೆಳಗಿನವನು ಓ ಅನ್ನಬೇಕು. ಮೂರು ಸಲ ಕರೆದೂ ಓ ಬರದಿದ್ದರೆ ವಿಚಾರ ಮಾಡುತ್ತ ಕೂಡಬಾರದು, ಎಳೆಯಬೇಕು.

ಈ ಕೊನೆಯ ಮಾತನ್ನು ಮಾವ ಸುಮ್ಮನೆ ಹೇಳುತ್ತಿರಲಿಲ್ಲ. ಅವನ ತಮ್ಮ, ನನ್ನ ಸಣ್ಣ ಮಾವ, ಬಹಳ ಚೇಷ್ಟೆಯವನು. ಹಗೇವಿನೊಳಗಿಂದ ಬೇಕೆಂದೇ ಓ ಅನ್ನದೆ ಅಣ್ಣನನ್ನು ಗಾಬರಿ ಮಾಡುತ್ತಿದ್ದ. ಒಂದು ಸಲ ಹಾಗೆಯೇ ಸುಮ್ಮನಾದಾಗ ಮಾವ ಮೇಲೆ ಕುಳಿತು, ಆಗಲಿ, ಎಷ್ಟು ಹೊತ್ತು ಸುಮ್ಮನಿರುತ್ತಾನೋ ನೋಡೋಣ ಎಂದು ಎಲೆ ಅಡಿಕೆ ಹಾಕಿಕೊಂಡ. ಆ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ತಮ್ಮ ಮುಗಿದಿದ್ದ. ಅಲ್ಲಿಂದ ಮುಂದೆ ಮಾವ ಎಲೆ ತಿಂದದ್ದನ್ನು ಯಾರೂ ನೋಡಿಲ್ಲ.

ಗವಿಯ ಬಾಯಿಯೂ ಸಣ್ಣದೇ ಇತ್ತು. ಬಂಡೆಯಲ್ಲೊಂದು ಸೀಳು, ಅದರೊಳಗೆ ಇಳಿಜಾರಿನ ಮೆಟ್ಟಿಲು. ಗೈಡ್ ಪೆಟ್ರೋಮ್ಯಾಕ್ಸ್ ಹಿಡಿದು ಹೊರಟಿದ್ದ. ಮಾವ ಅವನನ್ನು ತಡೆದು, ಮೊದಲು ಕಂದೀಲು ಇಳಿಬಿಟ್ಟ. ಹಿಂದೆ ನಿಂತವರು ಗೊಣಗಿದರು. ದಿನಾ ಮಂದಿ ಹೋಗಿಬರುತ್ತಾರೆ ಎಂದು ಗೈಡ್ ಹಿಂದಿಯಲ್ಲಿ ತಿಳಿಹೇಳಿದ. ಮಾವ ತನ್ನ ಉರ್ದು ಬೆರೆತ ಮಾತಿನಲ್ಲಿ, ಇಷ್ಟು ದಿನ ಬದುಕಿಬಂದದ್ದು ಅವರ ಪುಣ್ಯ ಎಂದ. ಕಂದೀಲು ಉರಿಯುತ್ತಲೇ ಮೇಲೆ ಬಂತು. ಮಾವನಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು.

ಆಮೇಲೆ ಹಗ್ಗ. ಬಾವಿಯ ಹಗ್ಗಕ್ಕೆ ಮೆಟಡೋರಿನ ಮೇಲೆ ಸಾಮಾನು ಬಿಗಿದಿದ್ದ ಹಗ್ಗವನ್ನು ಗಂಟು ಹಾಕಿ, ಹತ್ತೂ ಮಂದಿ ಮಾಸ್ತರರನ್ನು ಸಾಲಾಗಿ ಕಟ್ಟಿದ. ನಾನು ಕೊನೆಯವನು, ಬಾಯಿಗೆ ಹತ್ತಿರದವನು; ಓ ಅನ್ನುವ ಕೆಲಸ ನನ್ನದು. ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಬ್ಬರು ನಮ್ಮ ಹಿಂದೆ ನಿಂತಿದ್ದರು, ಯಾವುದೋ ದೊಡ್ಡ ಊರಿನವರು. ಇದು ಉದ್ಯಾನದ ನಿಯಮವೆಂದು ತಿಳಿದು ಅವರೂ ಮುಂದೆ ಬಂದು ಕೈ ಎತ್ತಿ ನಿಂತರು. ಮಾವ ಅವರನ್ನೂ ನನ್ನ ಮುಂದೆ ಕಟ್ಟಿದ. ಹಗ್ಗಕ್ಕೆ ಬೇರೆ ಟಿಕೀಟು ತೆಗೆಯಬೇಕೇ ಎಂದು ಆ ಗಂಡ ಕೇಳಿದ. ಮಾವ ಇನ್ನೊಂದು ತುದಿ ಹಿಡಿದು, ಚಪ್ಪಲಿ ಬಿಟ್ಟು, ಸೀಳಿನ ಪಕ್ಕದ ಬಂಡೆಗೆ ಕಾಲು ಕೊಟ್ಟು ಕುಳಿತ.

ಇಳಿದೆವು. ಸೀಳು ಒಂದು ಕಡೆ ಮೊಣಕೈಯಂತೆ ತಿರುಗಿತು. ಎಡಕ್ಕೆ ಕತ್ತಲೆಯ ಸಂದೊಂದಿತ್ತು. ಆ ಕಡೆ ಕಾಲಿಡಬೇಡಿ, ಆಳ ಎಷ್ಟಿದೆಯೋ ನೋಡಿದವರಿಲ್ಲ ಎಂದು ಗೈಡ್ ಹೇಳಿದ. ತಿರುವು ದಾಟಿದರೆ ದೊಡ್ಡ ಅಂಗಳದಂಥ ಜಾಗ.

"ಅಳಿಯಾ, ಅದೀ ಏನು?" ಎಂದು ಮಾವನ ದನಿ ಬಂತು; ಇದ್ದೀಯಾ ಎಂದು ಕೇಳುವುದು ಹಾಗೆ.

"ಓ" ಎಂದೆ. ಹೀಗೆ ಮೂರು ಸಲವೋ ನಾಲ್ಕು ಸಲವೋ ಆಯಿತು. ಗೈಡ್ ಕಂಬಗಳನ್ನು ತೋರಿಸುತ್ತ, ಒಂದೊಂದು ಕಂಬ ಬೆಳೆಯಲು ಎಷ್ಟು ಸಾವಿರ ವರ್ಷ ಬೇಕೆಂದು ಹೇಳತೊಡಗಿದ. ನಡುನಡುವೆ ನನ್ನ ಓ. ಮುಂದಿದ್ದ ಮದುಮಗಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಗಂಡನೂ ನಕ್ಕ. ಗೈಡ್ ಮಾತು ನಿಲ್ಲಿಸಿ, ನಿಮ್ಮದು ಮುಗಿಯಲಿ ಎನ್ನುವಂತೆ ನನ್ನನ್ನೇ ನೋಡಿದ.

ನಾನು ಬಿ.ಎಸ್ಸಿ. ಓದಿದವನು. ಇಂಥ ಗವಿಯಲ್ಲಿ ಗಾಳಿ ಹೇಗೆ ಆಡುತ್ತದೆ ಎಂಬುದನ್ನು ಹಲಗೆಯ ಮೇಲೆ ಚಿತ್ರ ಬರೆದು ಹೇಳಬಲ್ಲವನು. ಮಾವ ಮತ್ತೆ ಕರೆದ. ನಾನು ಓ ಅನ್ನಲಿಲ್ಲ. ಮತ್ತೊಮ್ಮೆ ಕರೆದ.

"ಓ ಅನ್ನಪಾ, ನಿಂದೇನ್ ಗಂಟ್ ಹೋಗ್ತದ?" ಎಂದು ಡ್ರಾಯಿಂಗ್ ಮಾಸ್ತರ ಸಾಲಿನ ಮುಂದಿನಿಂದ ಪಿಸುಗುಟ್ಟಿದ.

"ಸುಮ್ಮಿರ್ರಿ" ಎಂದೆ.

ಮೂರನೆಯ ಸಲದ ದನಿ ಬೇರೆ ಇತ್ತು. ಅದರಲ್ಲಿ ಪ್ರಶ್ನೆ ಇರಲಿಲ್ಲ. ಅದನ್ನು ನಾನು ಕೇಳಿದೆ, ಗುರುತಿಸಿದೆ, ಸಣ್ಣ ಮಾವನೂ ನೆನಪಾದ. ಬಾಯಿ ತೆರೆದೆ. ಅಷ್ಟರಲ್ಲಿ ಹಗ್ಗ ಬಿಗಿಯಿತು.

ಐವತ್ತೈದು ದಾಟಿದ ಒಬ್ಬ ಮನುಷ್ಯ ಹನ್ನೆರಡು ಮಂದಿಯನ್ನು ಎಳೆಯಬಲ್ಲನೇ ಎಂದು ಕೇಳಿದರೆ ವಿಜ್ಞಾನದ ಮಾಸ್ತರನಾಗಿ ನಾನು ಇಲ್ಲ ಎನ್ನುತ್ತೇನೆ. ಆದರೆ ಅವನು ಒಬ್ಬೊಬ್ಬರನ್ನೇ ಎಳೆದ. ಮೊದಲು ನಾನು ಹಿಮ್ಮುಖವಾಗಿ ಬಿದ್ದು ಒಂದು ಕಂಬಕ್ಕೆ ತಲೆ ಬಡಿಸಿಕೊಂಡೆ. ನನ್ನ ಮೇಲೆ ಮದುಮಗಳು, ಅವಳ ಮೇಲೆ ಗಂಡ, ಅವನ ಮೇಲೆ ಜೇವರ್ಗಿಯ ಗಣಿತದ ಮಾಸ್ತರ. ಸಾಲಿನ ಮುಂದಿನ ತುದಿ ಗೈಡನ ಕಾಲಿಗೆ ತೊಡರಿ ಅವನೂ ಬಿದ್ದ, ಪೆಟ್ರೋಮ್ಯಾಕ್ಸ್ ಒಡೆಯಿತು. ಕತ್ತಲಾಯಿತು. ಆ ಕತ್ತಲೆಯಲ್ಲಿ ನಾನು ಮೆಟ್ಟಿಲ ಮೇಲೆ ಬೆನ್ನು ತೀಡುತ್ತ ತಿರುವಿನವರೆಗೆ ಹೋಗಿ, ಅಲ್ಲಿ ಭುಜ ಸಿಕ್ಕಿಕೊಂಡು ನಿಂತೆ. ಮೇಲಿನಿಂದ ಮಾವ, ಕೆಳಗಿನಿಂದ ಹನ್ನೊಂದು ಮಂದಿಯ ಭಾರ. ಹಗ್ಗ ಎದೆಗೆ ಕಚ್ಚಿತು. ನನ್ನ ಎಡಗಾಲು ಬರಿದಾದ ಜಾಗದಲ್ಲಿ ಜೋತಾಡುತ್ತಿತ್ತು. ಆ ಜಾಗ ಯಾವುದೆಂದು ನನಗೆ ಗೊತ್ತಿತ್ತು. ಈಗ ಓ ಅನ್ನಲು ನಾನು ತಯಾರಿದ್ದೆ, ಆದರೆ ಎದೆಯಲ್ಲಿ ಅದಕ್ಕೆ ಬೇಕಾದಷ್ಟು ಗಾಳಿ ಇರಲಿಲ್ಲ.

ಗೈಡ್ ಬಾಯಲ್ಲಿ ಟಾರ್ಚು ಕಚ್ಚಿ ನಮ್ಮೆಲ್ಲರ ಮೇಲೆ ಹಾಯ್ದು ಬಂದು, ನನ್ನ ಎದೆಯ ಹತ್ತಿರ ಚಾಕುವಿನಿಂದ ಹಗ್ಗ ಕತ್ತರಿಸಿದ. ಹಗ್ಗದ ತುದಿ ಮೇಲಕ್ಕೆ ಸರ್ರನೆ ಓಡಿಹೋಯಿತು. ನಾವೆಲ್ಲ ಜಾರಿ ಅಂಗಳಕ್ಕೆ ಬಂದು ಬಿದ್ದೆವು. ಬದುಕಿದೆವು ಎಂದು ಕುಳಿತೆವು. ಗೈಡ್ ತಲೆ ಎಣಿಸಿದ, ಗಣಿತದ ಮಾಸ್ತರ ಇನ್ನೊಮ್ಮೆ ಎಣಿಸಿದ. ಮೇಲೆ ಖಾಲಿ ಹಗ್ಗವೊಂದು ಮಾವನ ಕೈಗೆ ಬಂದಿದೆ ಎಂಬುದನ್ನು ನಮ್ಮಲ್ಲಿ ಯಾರೂ ವಿಚಾರ ಮಾಡಲಿಲ್ಲ.

ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಟಾರ್ಚಿನ ಬೆಳಕಿನಲ್ಲಿ ಗೋಡೆ ತಡಕುತ್ತ ಹೊರಗೆ ಬಂದೆವು. ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಆಗಲೇ ನಮ್ಮ ಹಿಂದೆ, ಗವಿಯೊಳಗಿಂದ, ಒಂದು ಸದ್ದು ಬಂತು. ಹೂಂ. ತಡೆದು ಮತ್ತೆ, ಹೂಂ. ಗೈಡ್ ಬಿಳಿಚಿಕೊಂಡು "ಭಾಲೂ" ಎಂದ. ಆ ಕಾಡಿನಲ್ಲಿ ಕರಡಿ ಬಹಳ.

ಓಡಿದೆವು. ಆದರೆ ಹಗ್ಗ ಕತ್ತರಿಸಿದ್ದು ನನಗೂ ಮಾವನಿಗೂ ನಡುವೆ ಮಾತ್ರ. ನಾವು ಹನ್ನೆರಡು ಮಂದಿ ಇನ್ನೂ ಒಬ್ಬರಿಗೊಬ್ಬರು ಕಟ್ಟಿಕೊಂಡೇ ಇದ್ದೆವು. ಎದುರಿಗೆ ಮರವೊಂದು ಬಂತು. ಆಳಂದದವರು ಮರದ ಬಲಕ್ಕೆ ಓಡಿದರು, ಅಫಜಲಪುರದವರು, ಜೇವರ್ಗಿಯವರು, ಮದುಮಕ್ಕಳು ಎಡಕ್ಕೆ. ಹಗ್ಗ ಮರಕ್ಕೆ ಸುತ್ತಿತು. ಕವಣೆಯ ಕಲ್ಲಿನಂತೆ ನಾನು ತಿರುಗಿ ಬಂದು, ಓಟ ಶುರುಮಾಡಿದ ಜಾಗದಲ್ಲೇ ಮೂಗು ಅಡಿಯಾಗಿ ಬಿದ್ದೆ. ಮೂಗಿನ ಮುಂದೆ ಒಂದು ಜೊತೆ ಚಪ್ಪಲಿ ಇತ್ತು, ಟೈರಿನ ಅಟ್ಟೆಯದು. ಪಕ್ಕದಲ್ಲಿ ಬೋರಲಾಗಿ ಬಿದ್ದ ತಂಬಿಗೆ, ನೀರು ಚೆಲ್ಲಿದ ಒದ್ದೆ ನೆಲ, ಸುತ್ತಿಟ್ಟ ಹಗ್ಗ. ಮಾವ ಇರಲಿಲ್ಲ.

ಅಲ್ಲಿಯವರೆಗೆ ನಾನೂ ಹತ್ತು ಹೆಜ್ಜೆ ಓಡಿದ್ದೆ. ಈಗಲೂ ಆ ಹತ್ತು ಹೆಜ್ಜೆಗಳನ್ನು ಎಣಿಸುತ್ತಿರುತ್ತೇನೆ.

ಅದು ಮಾವ ಎಂದು ನಾನು ಹೇಳಿದೆ, ಕರಡಿ ಎಂದು ಗೈಡ್ ಹೇಳಿದ. ಸೀಳಿಗೆ ಬಾಯಿ ಇಟ್ಟು "ಮಾವಾ" ಎಂದು ಕರೆದೆ. ಹೂಂ ಎಂದಿತು. ಕರಡಿ ಹೀಗೆ ಕೇಳಿದ್ದಕ್ಕೆ ಉತ್ತರ ಕೊಡುತ್ತದೆಯೇ ಎಂದು ಗಣಿತದ ಮಾಸ್ತರ ಗೈಡನನ್ನು ಕೇಳಿದ. ಅದು ಕರಡಿಯಲ್ಲವೆಂದು ಗೈಡ್ ಒಪ್ಪಬೇಕಾಯಿತು. ನಾನು ಸಾಲಿನಿಂದ ಬಿಡಿಸಿಕೊಂಡು, ಮಾವ ಸುತ್ತಿಟ್ಟಿದ್ದ ಹಗ್ಗವನ್ನೇ ಎದೆಗೆ ಕಟ್ಟಿಕೊಂಡೆ. ತುದಿಯನ್ನು ಡ್ರಾಯಿಂಗ್ ಮಾಸ್ತರನಿಗೂ ಆ ಮದುಮಗನಿಗೂ ಕೊಟ್ಟು, ಕರೆಯುತ್ತಿರಿ, ಓ ಬರದಿದ್ದರೆ ಎಳೆಯಿರಿ ಎಂದೆ. ಗೈಡ್ ಟಾರ್ಚು ಹಿಡಿದು ಮುಂದಾದ. ಮೇಲಿನವರು ಕರೆಯುವ ಮೊದಲೇ ನಾನು ಓ, ಓ ಎನ್ನುತ್ತ ಇಳಿದೆ.

ತಿರುವಿನ ಎಡಕ್ಕಿದ್ದ ಆ ಸಂದಿನೊಳಗೆ, ನಮ್ಮ ಕಾಲಿನಿಂದ ಒಂದು ಆಳುದ್ದ ಕೆಳಗೆ ಮಾವ ನಿಂತಿದ್ದ. ಪಾದ ಊರುವಷ್ಟೇ ಅಗಲದ ಕಲ್ಲಿನ ಅಂಚು. ಒಂದು ಕೈ ಸುಣ್ಣದ ಕಂಬವನ್ನು ಅಪ್ಪಿತ್ತು. ಮೂಗು ಬಾಯಿ ಎರಡನ್ನೂ ಒದ್ದೆ ರುಮಾಲಿನಿಂದ ಬಿಗಿಯಾಗಿ ಕಟ್ಟಿಕೊಂಡಿದ್ದ. ಹಗೇವಿನಲ್ಲಿ ಬಿದ್ದವನನ್ನು ತರಲು ಇಳಿಯುವವನು ಹೀಗೆ ಕಟ್ಟಿಕೊಳ್ಳಬೇಕು, ಏನೇ ಆದರೂ ಬಾಯಿ ತೆರೆಯಬಾರದು. ಅದೂ ಅವನದೇ ನಿಯಮ. ಹಗ್ಗವಿಲ್ಲದೆ, ದೀಪವಿಲ್ಲದೆ, ಮೇಲೆ ಕರೆಯುವವರಿಲ್ಲದೆ ಇಳಿಯಬಾರದು ಎಂಬ ಉಳಿದ ನಿಯಮಗಳನ್ನೆಲ್ಲ ಮುರಿದು ಇದೊಂದನ್ನು ಉಳಿಸಿಕೊಂಡಿದ್ದ. ನಾವು ಹೊರಗೆ ಹೋಗುವಾಗ ಅವನ ತಲೆಯ ಮೇಲೆಯೇ ಹಾಯ್ದುಹೋಗಿದ್ದೆವು.

ಗೈಡ್ ಅವನ ಪಾದದ ಆಚೆ ಟಾರ್ಚಿನ ಬೆಳಕು ಬಿಟ್ಟ. ಅದು ಕೆಳಗೆ ಹೋಗುತ್ತಲೇ ಹೋಯಿತು, ಯಾವುದಕ್ಕೂ ತಾಗಲಿಲ್ಲ. ನನ್ನ ಕಾಲಿನಿಂದ ಒಂದು ಹರಳು ಉರುಳಿ ಬಿತ್ತು. ಸದ್ದಿಗಾಗಿ ಕಾದೆ. ಬಹಳ ತಡವಾಗಿ ಸದ್ದು ಬಂದಾಗ, ಅದು ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು.

ನಾನು ಬದುಕಿದ್ದನ್ನು ಕಂಡು ಮಾವನಿಗೆ ಸಂತೋಷವಾಗಲಿಲ್ಲ. ಕಣ್ಣು ಕೆಂಪಗೆ ಮಾಡಿ, ಬಾಯಿ ಮುಚ್ಚಿಕೋ ಎಂದು ಸನ್ನೆ ಮಾಡಿದ. ನಾನು ಕೈ ಚಾಚಿದೆ. ಅವನು ಕಂಬ ಬಿಡಲೊಲ್ಲ, ಮತ್ತೆ ಅದೇ ಸನ್ನೆ. ಕೆಟ್ಟ ಗಾಳಿ ಇಲ್ಲವೆಂದು ವಿವರಿಸಲು ಹೋದರೆ ಸಿಟ್ಟಿಗೆ ಅವನ ಪಾದ ಅಂಚಿನ ಮೇಲೆ ಕದಲುತ್ತಿತ್ತು. ಕಡೆಗೆ ನಾನು ಅಂಗಿಯ ಚುಂಗು ಬಾಯಿಗೆ ತುರುಕಿಕೊಂಡೆ. ಮಾವ ಗೈಡನ ಕಡೆ ನೋಡಿದ. ಗೈಡನೂ ಟವೆಲಿನಿಂದ ಮೂಗು ಮುಚ್ಚಿಕೊಂಡ. ಆಗ ಮಾವ ಕಂಬ ಬಿಟ್ಟು, ಕೈ ಕೊಟ್ಟು ನಮ್ಮ ಪಕ್ಕಕ್ಕೆ ಹತ್ತಿ ಬಂದ. ಆದರೆ ಬಾಯಲ್ಲಿ ಅಂಗಿ ಇದ್ದುದರಿಂದ ಮೇಲಿನವರಿಗೆ ನಾನು ಓ ಅನ್ನುವ ಹಾಗಿರಲಿಲ್ಲ. ಅವರು ಮೂರು ಸಲ ಕರೆದರು. ಆಮೇಲೆ ಹೇಳಿದ ಹಾಗೆ ಎಳೆದರು. ಮಾವ ನನ್ನ ಸೊಂಟ ಹಿಡಿದಿದ್ದ, ಗೈಡ್ ಮಾವನ ಧೋತರ ಹಿಡಿದಿದ್ದ. ಮೂವರೂ ಬಾಯಿ ಮುಚ್ಚಿಕೊಂಡೇ ಬಿಸಿಲಿಗೆ ಬಂದು ಬಿದ್ದೆವು.

ಮಾವ ನಿಧಾನವಾಗಿ ರುಮಾಲು ಬಿಚ್ಚಿ ಹಿಂಡಿದ. ತಲೆಗೆ ಸುತ್ತಿಕೊಂಡ. ಚಪ್ಪಲಿ ಮೆಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ.

"ಯಾಕ ಓ ಅನಲಿಲ್ಲ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಡ್ರಾಯಿಂಗ್ ಮಾಸ್ತರ ಮಾತ್ರ ಮರದ ತುದಿ ನೋಡುತ್ತಿದ್ದ.

"ಕೇಳಸಲಿಲ್ರಿ ಮಾವ" ಎಂದೆ.

ಬೈಯುತ್ತಾನೆ, ಕಪಾಳಕ್ಕೆ ಕೊಡುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಗಂಟಲ ಮೇಲೆ ಕೈ ಇಟ್ಟುಕೊಂಡ. "ನನ್ನ ದನಿ ಸಣ್ಣದಾಗೇದ" ಎಂದ.

ತಿರುಗಿ ಬರುವ ದಾರಿಯುದ್ದಕ್ಕೂ ಮಾವ ಮೆಟಡೋರಿನ ಮುಂದಿನ ಸೀಟಿನಲ್ಲಿ ಕುಳಿತು, ಕೊನೆಯ ಸೀಟಿನಲ್ಲಿದ್ದ ನನ್ನನ್ನು ಕರೆದು ನೋಡುತ್ತಿದ್ದ. ದನಿ ಮುಟ್ಟುತ್ತದೆಯೋ ಇಲ್ಲವೋ ತಿಳಿಯಬೇಕಿತ್ತು ಅವನಿಗೆ. ನಾನು ಓ ಎಂದರೆ ಇನ್ನೂ ಜೋರಾಗಿ ಕರೆಯುತ್ತಿದ್ದ. ಹೈದರಾಬಾದ್ ದಾಟುವ ಹೊತ್ತಿಗೆ ನಾನು ಕಣ್ಣು ಮುಚ್ಚಿದರೆ ಹತ್ತಿರದ ಮಾಸ್ತರ ನನ್ನ ಬದಲು ಓ ಅನ್ನತೊಡಗಿದ. ಮಾವ ಅದನ್ನು ಕಂಡುಹಿಡಿದು ಒಪ್ಪಲಿಲ್ಲ. ಯಾರೂ ನಗಲಿಲ್ಲ. ಎಲ್ಲರ ಎದೆಯ ಮೇಲೆ ಹಗ್ಗದ ಬರೆ ಇತ್ತು.

ಇಜೇರಿಯಲ್ಲಿ ಅವನನ್ನು ಇಳಿಸಿದಾಗ ಬೆಳಿಗ್ಗೆ ಎಳೆಬಿಸಿಲು. ತೊಗರಿ ಹೊಲಗಳ ನಡುವಿನ ದಾರಿ ಹಿಡಿದು, ಹೆಗಲಿಗೆ ಹಗ್ಗ, ಕೈಯಲ್ಲಿ ಕಂದೀಲು ಹಿಡಿದು ಹೊರಟ. ಡ್ರೈವರ್ ಗಾಡಿ ಶುರುಮಾಡಿದ್ದನ್ನು ನಿಲ್ಲಿಸಿದೆ. ಸತ್ಯ ಹೇಳಿಬಿಡೋಣ ಎಂದು ಇಳಿದೆ. ಅಷ್ಟರಲ್ಲಿ ಅವನು ಬಹಳ ದೂರ ಹೋಗಿದ್ದ. ಅಲ್ಲಿಂದ ತಿರುಗಿ ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕರೆದ.

"ಅಳಿಯಾ, ಅದೀ ಏನು?"

"ಓ" ಎಂದೆ.

"ಮುಟ್ಟಿತೇನು?"

"ಮುಟ್ಟಿತ್ರಿ ಮಾವ."

ಅವನು ಸ್ವಲ್ಪ ನಡೆದು ಮತ್ತೆ ತಿರುಗಿದ. ಈಗ ದನಿ ನಿಜವಾಗಿಯೂ ಮುಟ್ಟಲಿಲ್ಲ, ಕೈ ಬಾಯಿಗೆ ಹೋದದ್ದಷ್ಟೇ ಕಂಡಿತು. ಆದರೂ ಓ ಎಂದೆ. ಅವನ ರುಮಾಲು ತೊಗರಿಯಲ್ಲಿ ಮರೆಯಾಗುವವರೆಗೆ ಅಲ್ಲೇ ನಿಂತು ಓ ಅನ್ನುತ್ತಲೇ ಇದ್ದೆ. ಡ್ರೈವರ್ ಹಾರ್ನ್ ಹೊಡೆದ. ಅದಕ್ಕೂ ಓ ಎಂದೆ.