ನೆನಪಿಲ್ಲದ ಸಹಿ

ಧರ್ಮಪಾಲ ಸೆಲೆಟಾರ್‌ನ ವಿಮಾನ ನಿಲ್ದಾಣದ ಹ್ಯಾಂಗರ್ ಒಂದರಲ್ಲಿ ಇಪ್ಪತ್ತೆರಡು ವರ್ಷ ಸಣ್ಣ ವಿಮಾನಗಳನ್ನು ರಿಪೇರಿ ಮಾಡಿದವರು. ಉಡುಪಿ ಕಡೆಯವರು, ಮಾತು ಕಡಿಮೆ, ಹಟ ಜಾಸ್ತಿ. ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ ಸಾಕು, ಬಿಗಿದ ನಟ್ಟನ್ನು ಮತ್ತೆ ಸಡಿಲಿಸಿ ಮೊದಲಿನಿಂದ ಶುರು ಮಾಡುವರು. ಮಾಡಿದ್ದು ನೆನಪಿಲ್ಲದಿದ್ದರೆ ಮಾಡಿಲ್ಲವೆಂದೇ ಲೆಕ್ಕ ಎಂದು ಎಲ್ಲರಿಗೂ ಪಾಠ ಹೇಳುವರು. ಜೊತೆಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದೂ ಅವರಿಗೆ ಗೊತ್ತಿತ್ತು. ವಿಮಾನ ಹಾರಬಹುದೆಂದು ಸಹಿ ಹಾಕುವ ಅಧಿಕಾರ ಅವರದು. ಅದೇ ಅವರ ಅನ್ನ, ಅದೇ ಅವರ ಮರ್ಯಾದೆ.

ಕಳೆದ ವರ್ಷ ಅವರ ಎಡಗೈ ಆಗಾಗ ತಾನಾಗಿ ಜಗ್ಗತೊಡಗಿತು. ಕೆನ್ನೆಯೂ ಒಂದು ಕ್ಷಣ ಸೆಳೆಯುತ್ತಿತ್ತು. ನಿದ್ದೆ ಸಾಲದು ಎಂದು ತಳ್ಳಿಹಾಕಿದರು. ಬುಕಿತ್ ಬಾಟೋಕ್‌ನ ಮನೆಯಲ್ಲಿ ಅವರು ಇಟ್ಟದ್ದು ಮರೆತು ಒಂದೇ ಸಂಜೆ ಮೂರು ಸಲ ಅನ್ನಕ್ಕಿಟ್ಟಾಗ, ಹೆಂಡತಿ ಪ್ರಫುಲ್ಲಾ ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದರು.

ಡಾಕ್ಟರು ಬಿಡಿಸಿ ಹೇಳಿದರು. ಮಿದುಳಿನ ಕೋಶಗಳ ಗೋಡೆಯಲ್ಲಿ ಅಯಾನ್ ಚಾನೆಲ್ ಎಂಬ ಸಣ್ಣ ಬಾಗಿಲುಗಳಿವೆ. ಸೋಡಿಯಂ, ಪೊಟ್ಯಾಸಿಯಂ ಕಣಗಳು ಹೊತ್ತಿಗೆ ಸರಿಯಾಗಿ ಅವುಗಳ ಮೂಲಕ ಓಡಾಡಿದರೆ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ, ಆ ಸುದ್ದಿ ನೆನಪಾಗಿ ಕೂರುತ್ತದೆ. ಧರ್ಮಪಾಲರ ದೇಹದ ಕಾವಲುಪಡೆಯೇ ದಾರಿ ತಪ್ಪಿ, ಪೊಟ್ಯಾಸಿಯಂ ಬಾಗಿಲುಗಳನ್ನು ಸುಸ್ಥಿತಿಯಲ್ಲಿಡುವ ಪ್ರೋಟೀನಿನ ಮೇಲೆ ಬಿದ್ದಿತ್ತು. ಸ್ಟೆರಾಯ್ಡ್ ಕೊಟ್ಟ ಮೇಲೆ ಕೈ ನೆಟ್ಟಗಾಯಿತು, ತಲೆ ತಿಳಿಯಾಯಿತು. ಆದರೆ ಕಾಯಿಲೆಯ ಆರು ವಾರಗಳ ನೆನಪು ಕೂತೇ ಇರಲಿಲ್ಲ. ಕೂರದ್ದು ಮರಳಿ ಬರುವುದಾದರೂ ಎಲ್ಲಿಂದ?

ಆ ಆರು ವಾರಗಳಲ್ಲಿ ಅವರು ಮೂರು ವಿಮಾನಗಳಿಗೆ ಸಹಿ ಹಾಕಿದ್ದರು. ಮೂರೂ ಹಾರುತ್ತಿದ್ದವು. ಯಾರೂ ಕೇಳದಿರುವಾಗ ನೀವಾಗಿ ಹೋಗಿ ಹೇಳಿದರೆ ಕೆಲಸ ಉಳಿಯುತ್ತದೆಯೇ ಎಂದು ಪ್ರಫುಲ್ಲಾ ಅತ್ತರು. ಮರುದಿನ ಬೆಳಿಗ್ಗೆಯೇ ಧರ್ಮಪಾಲ ಹ್ಯಾಂಗರ್‌ಗೆ ಹೋದರು.

ತಪಾಸಣೆಯ ಮುಖ್ಯಸ್ಥ ಹಯಗ್ರೀವ ಮೈಸೂರಿನವರು, ಹಳೆಯ ಸ್ನೇಹಿತರು. ಫೈಲು ತಿರುವಿ ಹಾಕಿದರು.

"ಪೇಪರ್ಸ್ ಎಲ್ಲ ನೀಟಾಗಿದೆ ಧರ್ಮಪಾಲ್. ಸೈನ್ ನಿಮ್ದೇ ಅಲ್ವಾ?"

"ಸೈನ್ ನಂದೇ. ಆದ್ರೆ ಕೆಲಸ ಮಾಡಿದ್ದು ನೆನಪಿಲ್ಲ ಸರ್. ಮೂರನ್ನೂ ಓಪನ್ ಮಾಡ್ಸಿ."

ಮೂರರ ಹಾರಾಟವನ್ನೂ ನಿಲ್ಲಿಸಿ ಬಿಚ್ಚಿದರು. ಎರಡು ಸರಿಯಿದ್ದವು. ಮೂರನೆಯದರ ಬಾಲದೊಳಗೆ ಒಂದು ಬೋಲ್ಟಿಗೆ, ಸಡಿಲಾಗದಂತೆ ಸುತ್ತಬೇಕಾದ ತಂತಿಯೇ ಇರಲಿಲ್ಲ. ಬೋಲ್ಟು ಆಗಲೇ ಅರ್ಧ ಸುತ್ತು ತಿರುಗಿತ್ತು. ಮಾರನೆಯ ದಿನ ಆ ವಿಮಾನದಲ್ಲಿ ಎಂಟು ಜನ ಹೊರಡುವವರಿದ್ದರು. ಧರ್ಮಪಾಲ ಎಲ್ಲರೆದುರೇ ಅತ್ತುಬಿಟ್ಟರು. ಅಂದು ಯಾರೂ ಆಡಿಕೊಳ್ಳಲಿಲ್ಲ.

ಧರ್ಮಪಾಲರೇ ಜೇಬಿನಿಂದ, ಸಹಿಯ ಜೊತೆ ಒತ್ತುವ ತಮ್ಮ ಮೊಹರನ್ನು ತೆಗೆದು ಮೇಜಿನ ಮೇಲಿಟ್ಟರು. ಸಹಿಯ ಅಧಿಕಾರ ಬಿಟ್ಟುಕೊಡುವ ಪತ್ರವನ್ನು ಎರಡು ಸಲ ಓದಿದರು. ಮಂಗಳವಾರ, ಹನ್ನೊಂದೂಕಾಲು ಗಂಟೆ. ಅವರ ಪೆನ್ನು ಮೂಡಲಿಲ್ಲ, ಹಯಗ್ರೀವ ತಮ್ಮದನ್ನು ಕೊಟ್ಟರು. ಆ ಸಹಿ ಹಾಕಿದ್ದು ಮಾತ್ರ ಅವರಿಗೆ ಚೆನ್ನಾಗಿ ನೆನಪಿದೆ.