ನೋರಾ ಆಂಟಿ ಹೂತ ಆಲೂಗಡ್ಡೆ

ಹೆಂಡತಿ ಪಲ್ಯಕ್ಕೆ ಆಲೂಗಡ್ಡೆ ಹೆಚ್ಚುವಾಗ ಏಳುವ ಹಸಿ ವಾಸನೆಗೆ ನನಗೆ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ನಾನು ಚಿಕ್ಕವನಿದ್ದಾಗ ಗಲ್ಫಿನ ಅಲ್ ಹೈಲ್‌ನಲ್ಲಿ ನಾವಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ನೋರಾ ಆಂಟಿ ಇದ್ದರು. ಐರ್ಲೆಂಡಿನವರು, ಶಿಶುವಿಹಾರದ ಟೀಚರು, ಒಂಟಿ ಜೀವ. ಸ್ವಂತದ್ದಲ್ಲದಿದ್ದರೂ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ನುಗ್ಗುವಂಥ ಮನೆಯೊಂದು ನಿಮ್ಮ ಬಾಲ್ಯದಲ್ಲೂ ಇದ್ದಿರಬೇಕು. ಮೂಗಿನಲ್ಲಿ ರಕ್ತ ಬಂದರೆ ಅವರು ಅಂಗಿಯೊಳಗೆ ಬೆನ್ನಿಗೆ ತಣ್ಣನೆಯ ಬೀಗದ ಕೈ ಇಳಿಬಿಡುತ್ತಿದ್ದರು, ಕುರುವಿಗೆ ಬಿಸಿಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕಟ್ಟುತ್ತಿದ್ದರು, ಕೆಮ್ಮಿಗೆ ತಮ್ಮೂರಿನಿಂದ ತಂದ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸಿ ಕುಡಿಸುತ್ತಿದ್ದರು. ಬದಲಿಗೆ ಅಮ್ಮ ಅವರಿಗೆ ಜೀರಿಗೆ ಕಷಾಯ ಕಲಿಸಿದ್ದಳು.

ನನ್ನ ಬೆರಳ ತುಂಬ ನರಹುಲಿ ಎದ್ದ ವರ್ಷ ಅವರು ಆಲೂಗಡ್ಡೆಯನ್ನು ಹೋಳು ಮಾಡಿ ಉಜ್ಜಿ, ಹೋಳುಗಳನ್ನು ಅಂಗಳದ ನಿಂಬೆಗಿಡದ ಬುಡದಲ್ಲಿ ಹೂತರು. ಅದು ಕೊಳೆತಂತೆ ನರಹುಲಿ ಉದುರುತ್ತದಂತೆ. ಹೂಳುವಾಗ ತುಟಿಯಲ್ಲೇ ಪ್ರಾರ್ಥನೆ. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯವಳು ಅದನ್ನು ನೋಡಿದಳು. ಮಂಗಳೂರಿನ ಕಡೆಯವಳು, ಊರಿಗೆಲ್ಲ ಸರೋಜಕ್ಕ. ಮಣ್ಣಿನಲ್ಲಿ ಹೂತದ್ದೆಲ್ಲ ಅವಳ ಕಣ್ಣಿಗೆ ಮಾಟ.

"ಮಾರಾಯ್ತಿ, ನಾನು ಕಣ್ಣಾರೆ ನೋಡಿದ್ದು. ಆ ಮುದುಕಿ ಎಂತದೋ ಹೂತು ಪಿಟಿಪಿಟಿ ಮಂತ್ರ ಹೇಳ್ತಾ ಇತ್ತು" ಎಂದು ಅಮ್ಮನ ಮುಂದೆ ಹಾರಾಡಿದಳು. ಅದು ಮದ್ದು ಎಂದು ಅಮ್ಮ ಎಷ್ಟು ಹೇಳಿದರೂ ಕೇಳದೆ ಮನೆಮಾಲೀಕನ ಕಿವಿಗೂ ಹಾಕಿದಳು. ಮಾಟದ ಹೆಸರೆತ್ತಿದರೆ ಇಲ್ಲಿ ಯಾರೂ ನಗುವುದಿಲ್ಲ. ಮಾಲೀಕ "ಖಲಾಸ್" ಎಂದು ಮನೆ ಬಿಡಿಸಿದ. ಸುದ್ದಿ ಮುಟ್ಟಿ ಶಿಶುವಿಹಾರದವರೂ ಕೈಬಿಟ್ಟರು. ಹೊರಡುವ ದಿನ ನೋರಾ ಆಂಟಿ ನನ್ನನ್ನು ಹತ್ತಿರ ಕರೆದು ಆ ಪ್ರಾರ್ಥನೆಯನ್ನು ಕಿವಿಯಲ್ಲಿ ಹೇಳಿಕೊಟ್ಟು ಹೋದರು.

ಈಗ ನಾನು ಅದೇ ದೇಶದ ಸೊಹಾರ್‌ನಲ್ಲಿ ಇಂಜಿನಿಯರು. ನರಹುಲಿ ಎಂದು ಯಾರು ಬಂದರೂ ಆಲೂಗಡ್ಡೆ ಉಜ್ಜಿ ಕೊಡುತ್ತೇನೆ. ಮೊನ್ನೆ ಮಗನ ಕಾರಿನಲ್ಲಿ ಸರೋಜಕ್ಕ ಬಂದಳು, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

"ಕ್ರೀಮು, ಲೇಸರು ಎಲ್ಲ ಆಯ್ತು ಮಗಾ. ನಿನ್ನ ಕೈಗುಣ ಒಳ್ಳೇದುಂಟಂತೆ. ಒಮ್ಮೆ ಉಜ್ಜಿ ಕೊಡು."

"ಇದು ಯಾರ ಮದ್ದು ಗೊತ್ತಾ ಸರೋಜಕ್ಕ? ನೋರಾ ಆಂಟಿದು."

"ಯಾವ ನೋರಾ?" ಎಂದಳು.

ಚಹಾ ಕುಡಿಸಿ, ನನಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಆ ಬೆರಳುಗಳನ್ನು ಮುಚ್ಚಿಕೊಂಡೇ ಅವಳು ಮೆಟ್ಟಿಲಿಳಿಯುವುದನ್ನು ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು.

"ವಯಸ್ಸಾದವರು, ಪಾಪ ಅಲ್ವಾ" ಎಂದು ಹೆಂಡತಿ ಬೈದಳು. ಪಾಪವಂತೆ! ನೋರಾ ಆಂಟಿ ಹೋದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಬೆರಳುಗಳು ನುಣ್ಣಗಾಗಿದ್ದವು. ಖುಷಿಯಲ್ಲಿ ಎಲ್ಲ ಮರೆತು, ತೋರಿಸಬೇಕೆಂದು ಕೆಳಗೆ ಓಡಿದೆ. ಅವರ ಅಡುಗೆಮನೆಯಲ್ಲಿ ಯಾರೋ ಗೋಡೆಗೆ ಬಣ್ಣ ಬಳಿಯುತ್ತಿದ್ದರು.