ರಾಜಮತಿಯ ಗಾಡಿಗೆ ಒಂದು ಜಾಗ

ಕಾಯುವುದು ರಾಜಮತಿಗೆ ಚಿಕ್ಕಂದಿನಿಂದಲೂ ರೂಢಿ. ಇನ್ನೂ ಮಾತು ಬಾರದ ವಯಸ್ಸಿನಲ್ಲಿ ಬಂದ ಜ್ವರವೊಂದು ಎರಡೂ ಕಾಲಿನ ಕಸುವನ್ನು ಒಯ್ದಿತ್ತು. ಆಮೇಲೆ ಎಲ್ಲಿಗೆ ಹೋಗಬೇಕೆಂದರೂ ಇನ್ನೊಬ್ಬರ ಕೆಲಸ ಮುಗಿಯುವ ತನಕ ಕಟ್ಟೆಯ ಮೇಲೆ ಕೂತಿರಬೇಕು. ಶಾಲೆಗೆ ಅಪ್ಪನ ಸೈಕಲ್ಲಿನ ಮೇಲೆ ಹೋದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಭೂಪಾಲನ ಲೂನಾ. ಉಗಾರ ಬುದ್ರುಕದ ಅಂಗನವಾಡಿಯಲ್ಲಿ ಕೆಲಸ ಸಿಕ್ಕಾಗಲೂ ಅದೇ ಲೂನಾದ ಹಿಂದೆ ಒಂದು ಬದಿಗೆ ಕೂತು, ಸೆರಗು ಗಾಲಿಗೆ ಸಿಗದಂತೆ ಹಿಡಿದುಕೊಂಡು ಹೋಗಿಬರುತ್ತಿದ್ದಳು. ಮನೆ ಊರೊಳಗಲ್ಲ, ಕಬ್ಬಿನ ನಡುವೆ, ತೋಟದಲ್ಲಿ. ಊರಿಗೂ ತೋಟಕ್ಕೂ ನಡುವೆ ಕರಿಮಣ್ಣಿನ ಗಾಡಿದಾರಿ.

ಆ ವರ್ಷ ಹೊಲ ಹೆಚ್ಚಾಯಿತು. ಪಕ್ಕದ ತೋಟವನ್ನೂ ಭೂಪಾಲ ಪಾಲಿಗೆ ಮಾಡತೊಡಗಿದ್ದ. ದಸರೆಗೆ ಮುಂಚೆ ಒಂದು ದಿನ ಊಟಕ್ಕೆ ಕೂತಾಗ ಅವನು ಗಂಗಾಳ ನೋಡುತ್ತಲೇ ತಂಗಿಗೆ ಹೇಳಿದ.

“ಈ ಹಂಗಾಮಿನ್ಯಾಗ ನನ್ನಿಂದ ಆಗೂದಿಲ್ಲವ್ವಾ. ಕಬ್ಬ ಕಡಿಯೋ ಟೋಳಿ ಬಂತಂದ್ರ ಮುಂಜಾನಿಂದ ಹೊಲದಾಗ ನಿಲ್ಲಬೇಕು. ನೀ ಕೆಲಸಾ ಬಿಟ್ಟಬಿಡು. ಮನ್ಯಾಗ ಏನ ಕಡಿಮಿ ಆಗೇತಿ ನಿನಗ?”

ರಾಜಮತಿ ತನ್ನ ಗಂಗಾಳ ಬದಿಗೆ ಸರಿಸಿದಳು. ಅಣ್ಣ ಕೆಟ್ಟವನಲ್ಲ, ದಣಿದಿದ್ದ. ಆದರೆ ಅಂಗನವಾಡಿಯ ಆ ಒಂದು ಕೋಣೆಯಲ್ಲಿ, ಬಾಗಿಲಿಗೆ ಗಲ್ಲ ಹಚ್ಚಿ ನಿಂತ ಮಕ್ಕಳು ಅವಳ ದಾರಿ ನೋಡುತ್ತಿದ್ದವು. ಲೋಕದಲ್ಲಿ ಅವಳು ಕಾಯದೆ, ಬೇರೆಯವರು ಅವಳಿಗಾಗಿ ಕಾಯುವ ಜಾಗ ಅದೊಂದೇ ಇತ್ತು. ಟೋಳಿ ಬರುವುದರೊಳಗೆ ತಾನೇ ಹೋಗಿಬರುವ ದಾರಿಯೊಂದನ್ನು ಹುಡುಕಬೇಕು, ಇಲ್ಲವಾದರೆ ಆ ಕೋಣೆ ಹೋಯಿತು.

ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೊಂದು ಮನೆಯಲ್ಲಿತ್ತು. ಅಂಗಳದಲ್ಲಿ ಓಡುತ್ತಿತ್ತೇ ವಿನಾ ಕರಿಮಣ್ಣಿನ ದಾರಿಗೆ ಅವಳ ತೋಳು ಸಾಲುತ್ತಿರಲಿಲ್ಲ. ಟ್ರ್ಯಾಕ್ಟರುಗಳ ವಾಯರಿಂಗ್ ಮಾಡುವ ನಜೀರಸಾಬ ಒಮ್ಮೆ ತೋಟಕ್ಕೆ ಬಂದಾಗ ಅವಳು ಕೇಳಿದಳು.

“ನಜೀರಭಾಯಿ, ಇದಕ್ಕ ಮೋಟರ್ ಕುಂದ್ರಸಾಕ ಬರ್ತೈತೇನು? ಬ್ಯಾಟರಿ ಮ್ಯಾಲೆ ಓಡೂವಂಗ?”

ನಜೀರಸಾಬ ಕಿವಿಯ ಮೇಲಿನ ಬೀಡಿ ತೆಗೆದು, ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಬೀಡಿಯನ್ನು ಮತ್ತೆ ಕಿವಿಗೇ ಇಟ್ಟ. “ಬರ್ತೈತ್ರಿ ಅಕ್ಕೋರ. ಮಿರಜಿ ಹಳೇ ಬಾಜಾರದಾಗ ಅಂಥಾ ಮೋಟರ್ ಸಿಗತಾವು. ಓಡಸೂದು ದೊಡ್ಡದಲ್ಲ. ಓಡಿ ಬಂದದ್ದಕ್ಕ ದಿನಾ ಹೊಟ್ಟಿಗೆ ಹಾಕಬೇಕಲ್ಲ, ಅದನ್ನ ಎಲ್ಲಿ ಕಟ್ತೀರಿ?”

ಗಾಡಿಯನ್ನು ಚಾರ್ಜಿಗೆ ಹಚ್ಚುವ ಜಾಗವನ್ನು ಎಮ್ಮೆಯ ಬಗ್ಗೆ ಕೇಳಿದಂತೆಯೇ ಕೇಳಿದ. ಅಂದಿನಿಂದ ರಾಜಮತಿಯ ತಲೆಯಲ್ಲಿ ಅದೇ ಕುಳಿತಿತು.

ಪಡಸಾಲೆ ಆಗದು, ಹೊಸ್ತಿಲು ಎತ್ತರ. ಬಚ್ಚಲಿನ ಪಕ್ಕ ಅಗಲವಾದ ಜಾಗವಿತ್ತು, ಆದರೆ ಅಲ್ಲಿ ನೀರೊಲೆ ಉರಿಯುತ್ತಿತ್ತು. ಚಾರ್ಜಿಗೆ ಹಚ್ಚಿದಾಗ ಬ್ಯಾಟರಿಯಿಂದ ಗಾಳಿ ಏಳುತ್ತದೆ, ಬೆಂಕಿಯ ಕಿಡಿ ಹತ್ತಿರ ಸುಳಿಯಕೂಡದು ಎಂದು ನಜೀರಸಾಬ ಎಚ್ಚರಿಸಿದ್ದ. ಉಳಿದದ್ದು ದನಗಳ ಪತ್ರಾಸಿನ ಶೆಡ್ಡು, ತಗಡು ಹೊದಿಸಿದ್ದು. ಅದರ ಒಂದು ಮೂಲೆಯಲ್ಲಿ ಅವಳು ನೆಲದ ಮೇಲೆ ಕುಳಿತು, ಮಕ್ಕಳಿಗೆ ಅಕ್ಷರ ಬರೆಯುವ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಗಾಡಿ ಹೀಗೆ ಒಳಗೆ ಬರಬೇಕು, ಇಲ್ಲಿ ತಿರುಗಬೇಕು, ಮುಖ ಬಾಗಿಲ ಕಡೆ ಇರಬೇಕು. ಗಾಳಿ ಹೋಗಲು ಗೋಡೆಯ ಮೇಲ್ಭಾಗ ತೆರೆದಿರಬೇಕು. ಸ್ವಿಚ್ಚಿನ ಹಲಗೆಯನ್ನು ಮಾತ್ರ ಗೋಡೆಯ ಮೇಲೆ, ಗಾಡಿಯಲ್ಲಿ ಕೂತವರ ಕೈಗೆ ಎಟಕುವಷ್ಟು ಕೆಳಗೆ ಬರೆದಳು.

ತಾಯಿ ಸೋನಾಬಾಯಿ ಬಗ್ಗಿ ನೋಡಿ ನಕ್ಕಳು. “ಇಷ್ಟ ಕೆಳಗ ಇಟ್ಟರ ಕರಾ ನೆಕ್ಕತೈತಿ. ಮ್ಯಾಲೆ ಇಡಸು, ನಾ ದಿನಾ ಹಚ್ಚಿ ಕೊಡತೀನಿ.”

“ನೀ ಹಚ್ಚೂದಾದ್ರ ಇದನ್ನ ಯಾಕ ಮಾಡಬೇಕವ್ವಾ? ಕರಾ ಆಚಿ ಕಡೆ ಕಟ್ಟೋಣು.”

ನಡುವೆ ಒಂದು ಮೋಟುಗೋಡೆ ಎದ್ದಿತು. ಸ್ವಿಚ್ಚು ಕೆಳಗೇ ಕುಳಿತಿತು. ನಜೀರಸಾಬ ಮಿರಜಿಯಿಂದ ಮೋಟರೂ ಬ್ಯಾಟರಿಗಳೂ ತಂದು ಸೈಕಲ್ಲಿಗೆ ಕೂರಿಸಿದ. ಹೊಲಗಳ ಕರೆಂಟಿನ ಪಾಳಿ ಬಂದು ತೋಟದ ಪಂಪುಗಳೆಲ್ಲ ಒಮ್ಮೆಲೇ ಶುರುವಾದಾಗ ಮನೆಯ ದೀಪ ಕೆಂಡದಂತೆ ಕೆಂಪಗಾಗುತ್ತಿತ್ತು. ಆ ಹೊತ್ತಿನ ಕರೆಂಟು ಗಾಡಿಗೆ ಸಲ್ಲದು. ಹಾಗಾಗಿ ಕರೆಂಟಿನ ಪಾಳಿ ವಾರವಾರ ಬದಲಾದಂತೆ ಚಾರ್ಜಿನ ಹೊತ್ತನ್ನೂ ಬದಲಿಸುತ್ತ ಹೋದಳು. ಮೊದಲ ದಿನ ಗಾಡಿ ಸದ್ದಿಲ್ಲದೆ ಕಬ್ಬಿನ ನಡುವೆ ಹೊರಟಾಗ ಗರಿಗಳು ಒಂದಕ್ಕೊಂದು ತಾಕುವ ಸಪ್ಪಳ ಅವಳಿಗೆ ಕೇಳಿಸಿತು. ಇಷ್ಟು ವರ್ಷ ಲೂನಾದ ಗದ್ದಲದಲ್ಲಿ ಅದು ಕೇಳಿಸಿರಲೇ ಇಲ್ಲ.

ಒಂದು ಕೆಲಸ ಮಾತ್ರ ಅವಳಿಂದ ಆಗುತ್ತಿರಲಿಲ್ಲ. ಬ್ಯಾಟರಿಗಳು ಸೀಟಿನ ಕೆಳಗೆ, ಹಿಂಬದಿಗೆ. ಆಗಾಗ ಮುಚ್ಚಳ ಬಿಚ್ಚಿ, ಒಳಗೆ ಇಂಗಿದಷ್ಟು ನೀರು ಹಾಕಲು ಅವಳಿಗೆ ಬಗ್ಗಲಾಗದು. “ನೀರಿನ ಕೆಲಸಾ ನಂದಿರಲಿ,” ಎಂದಳು ಸೋನಾಬಾಯಿ. ನಜೀರಸಾಬ ಬ್ಯಾಟರಿಗೆ ಹಾಕುವ ನೀರಿನ ಒಂದು ಬಾಟಲಿ ಕೊಟ್ಟು, “ಆಯಿ, ಬಾವಿ ನೀರು ನಡ್ಯಾಂಗಿಲ್ರಿ. ಬರೇ ಶುದ್ಧ ನೀರು ಹಾಕಬೇಕು,” ಎಂದು ಹೇಳಿ ಹೋದ.

ಶುದ್ಧ ನೀರೆಂದರೆ ಏನೆಂದು ಸೋನಾಬಾಯಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಜೈನರ ಮನೆ. ಅರಿವೆಯಲ್ಲಿ ಸೋಸದ ನೀರು ಅವಳ ಅಡಿಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಸೋಸಿದ ಅರಿವೆಯನ್ನು ಜಾಲಾಡಿಸಿ, ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಹಿಂದಿರುಗಿಸುವವಳು ಅವಳು. ಊರಿಗೆ ಮುನಿಗಳು ಬಂದಾಗ ಬಾಗಿಲಲ್ಲಿ ಕಳಸ ಹಿಡಿದು ನಿಂತು, ಆಹಾರ ಶುದ್ಧ, ಜಲ ಶುದ್ಧ ಎಂದು ಹೇಳುವ ಮಾತನ್ನು ಸುಳ್ಳಾಗದಂತೆ ಕಾಯ್ದುಕೊಂಡು ಬಂದವಳು. ಬಾಟಲಿ ಖಾಲಿಯಾದ ದಿನ ಅವಳು ಸ್ನಾನ ಮಾಡಿ, ಮಡಿ ಉಟ್ಟು, ನೀರನ್ನು ಸೋಸಿ, ಕುದಿಸಿ, ಆರಿಸಿ, ಆ ಬಾಟಲಿಯನ್ನು ತುಂಬಿದಳು. ಮಗಳ ಗಾಡಿಗೆ ಮನೆಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯದನ್ನು ಹಾಕಿದಳು. ಮತ್ತೆ ಮತ್ತೆ ಹಾಕಿದಳು.

ಟೋಳಿ ಬಂತು. ಕಬ್ಬಿನ ಗಾಡಿಗಳು ದಾರಿ ತುಂಬಿದವು. ಆಗಲೇ ರಾಜಮತಿಯ ಗಾಡಿ ಸೊರಗತೊಡಗಿತು. ಮೊದಲು ಏರಿನಲ್ಲಿ ಹಿಂಜರಿಯಿತು, ಆಮೇಲೆ ಸಮದಾರಿಯಲ್ಲೂ. ಒಂದು ಮಧ್ಯಾಹ್ನ ಊರಿನಿಂದ ಬರುವಾಗ ನಡುದಾರಿಯಲ್ಲಿ ನಿಂತೇಬಿಟ್ಟಿತು. ಹಿಂದೆ ಎತ್ತಿನ ಗಾಡಿಗಳು ಸಾಲುಗಟ್ಟಿದವು. ಯಾರೋ ಕೂಗಿದರು, ಯಾರೋ ಇಳಿದು ಅವಳನ್ನು ಗಾಡಿಸಮೇತ ದಾರಿಯ ಅಂಚಿಗೆ ಎತ್ತಿಟ್ಟರು. ಮೂಟೆಯಂತೆ. ಭೂಪಾಲ ಹೊಲ ಬಿಟ್ಟು ಓಡಿ ಬರಬೇಕಾಯಿತು.

“ಸಾಕಿನ್ನ ಈ ಆಟಾ,” ಎಂದ ಅವನು, ಬೆವರು ಒರೆಸಿಕೊಳ್ಳುತ್ತ.

ಮರುದಿನ ನಜೀರಸಾಬ ಬಂದು ಮುಚ್ಚಳಗಳನ್ನು ಬಿಚ್ಚಿದ. ಒಂದು ಬ್ಯಾಟರಿಯ ಒಳಗೆ ಬಿಳಿಯ ಹೊಟ್ಟು ಕಟ್ಟಿತ್ತು.

“ಏನ ಹಾಕೀರಿ ಇದಕ್ಕ?”

“ನೀ ಹೇಳಿದ್ದ, ಶುದ್ಧ ನೀರು,” ಎಂದಳು ಸೋನಾಬಾಯಿ. “ಮುನಿಗಳಿಗೆ ಕೊಡೂ ನೀರೋ ಅದು! ಅದಕಿಂತಾ ಶುದ್ಧ ಎಲ್ಲಿಂದ ತರಲಿ?”

ನಜೀರಸಾಬನಿಗೆ ನಗು ಬಂತು. ಅವಳ ಮುಖ ನೋಡಿದ್ದೇ ಆ ನಗು ನಿಂತಿತು. “ಆಯಿ, ನೀವು ಹುಳಾ ತಗದೀರಿ, ಉಪ್ಪ ತಗದಿಲ್ರಿ. ನಮ್ಮ ನೆಲದ ನೀರಿನ್ಯಾಗ ಉಪ್ಪ ಇರತೈತಿ, ಕುದಿಸಿದ್ರ ಹೋಗೂದಿಲ್ಲ. ಮುನಿಗಳಿಗೆ ಅದು ನಡೀತೈತಿ. ಇದಕ್ಕ ನಡ್ಯಾಂಗಿಲ್ಲ.”

ಸೋನಾಬಾಯಿ ಬಗ್ಗಿ ಬ್ಯಾಟರಿಯೊಳಗೆ ನೋಡಿದಳು. “ಹಂಗಾರ ಇದು ಮುನಿಗಳಕಿಂತಾ ಕಠಿಣ ವ್ರತಾ ಹಿಡದೈತಿ ಅನ್ನು,” ಎಂದಳು. ಎಲ್ಲರೂ ನಕ್ಕರು. ಅವಳು ನಗುತ್ತಲೇ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ರಾಜಮತಿ ನೆಲದ ಮೇಲೆ ಸರಿದು ಅಡಿಗೆಮನೆಯ ಬಾಗಿಲಿಗೆ ಹೋದಾಗ, ತಾಯಿ ಸೋಸುವ ಅರಿವೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

“ನನ್ನ ಕೈಯಿಂದನ ಕೆಟ್ಟಿತಲ್ಲವ್ವಾ,” ಎಂದಳು ತಾಯಿ.

“ಕೈಯಿಂದ ಅಲ್ಲವ್ವಾ, ಒಂದ ಮಾತಿನಿಂದ. ಅವಂದ ಶುದ್ಧ ಬ್ಯಾರೆ, ನಿಂದ ಶುದ್ಧ ಬ್ಯಾರೆ. ಎರಡೂ ಖರೇನ.”

ಕೆಟ್ಟ ಬ್ಯಾಟರಿಗೆ ಬದಲು ಹೊಸದು ಮಿರಜಿಯಿಂದ ತರಲು ಕಬ್ಬಿನ ಹಣ ಬರಬೇಕು, ಅದಕ್ಕೆ ಹಂಗಾಮು ಮುಗಿಯಬೇಕು. ಅಲ್ಲಿಯವರೆಗೆ ಗಾಡಿ ಊರು ಮುಟ್ಟೀತು, ತಿರುಗಿ ಬರಲಾರದು ಎಂದು ನಜೀರಸಾಬ ಹೇಳಿ ಹೋದ. ರಾಜಮತಿ ಶೆಡ್ಡಿನಲ್ಲಿ ಗಾಡಿಯ ಮೇಲೆ ಕೂತು ತಾನು ಎಳೆದ ಗೆರೆಗಳನ್ನು ನೋಡಿದಳು. ಯಾರನ್ನೂ ಏನೂ ಕೇಳದೆ ಇರಬಹುದಾದ ಒಂದು ಮೂಲೆ. ಅದನ್ನು ಅಚ್ಚುಕಟ್ಟಾಗಿಯೇ ಮಾಡಿದ್ದಳು. ಆದರೆ ದಾರಿಗೆ ಎರಡು ತುದಿ. ಅಂಗನವಾಡಿಗೆ ಕರೆಂಟಿರಲಿಲ್ಲ, ಇನ್ನೊಂದು ತುದಿಯಲ್ಲಿ ಚಾರ್ಜಿಗೆ ಯಾರನ್ನಾದರೂ ಕೇಳಲೇಬೇಕು. ಕೇಳುವುದೆಂದರೆ ಅವಳಿಗೆ ಮತ್ತೆ ಕಟ್ಟೆಯ ಮೇಲೆ ಕೂತಂತೆ. ಆ ಭಾರವನ್ನು ಎರಡು ದಿನ ಹೊತ್ತಿದ್ದಳು. ಮೂರನೆಯ ದಿನ ಚಾರ್ಜರಿನ ಪೆಟ್ಟಿಗೆಯನ್ನು ಸೀಟಿನ ಹಿಂದೆ ಕಟ್ಟಿಸಿಕೊಂಡು ಹೊರಟಳು.

ಅಂಗನವಾಡಿಯ ಪಕ್ಕದಲ್ಲಿ ಮಲಕಾರಿಯ ಹಿಟ್ಟಿನ ಗಿರಣಿ. ಅವಳು ಗಾಡಿಯನ್ನು ಚಪ್ಪರದ ಕೆಳಗೆ ನಿಲ್ಲಿಸಿದಾಗ ಅವನು ಹುಬ್ಬಿಗೆಲ್ಲ ಹಿಟ್ಟು ಹತ್ತಿಸಿಕೊಂಡು ಹೊರಗೆ ಬಂದ.

“ಕಾಕಾ, ಮಧ್ಯಾಹ್ನದ ತನಕಾ ಇದನ್ನ ನಿಮ್ಮ ಕರೆಂಟಿಗೆ ಹಚ್ಚಲೇನು? ಹಂಗಾಮ ಮುಗಿಯೂ ತನಕಾ, ದಿನಾ.”

ಕೇಳಿದ ಮೇಲೆ ಅವಳ ಕಿವಿ ಬೆಚ್ಚಗಾಯಿತು. ಮಲಕಾರಿ ಗಾಡಿಯನ್ನೂ ಪೆಟ್ಟಿಗೆಯನ್ನೂ ನೋಡಿದ.

“ಎಲ್ಲಾರೂ ಜ್ವಾಳಾ ಬೀಸಾಕ ಬರ್ತಾರ. ನೀವೇನ ಕರೆಂಟ್ ಬೀಸಾಕ ಬಂದ್ರೇನ್ರಿ ಅಕ್ಕೋರ? ಹಚ್ಚರಿ, ಹಚ್ಚರಿ. ನನ್ನ ಮೊಮ್ಮಗಳ ದಿನಾ ನಿಮ್ಮ ಕಡೆನ ಕುಂದರತಾಳ, ನಾ ಎಂದಾರ ಬ್ಯಾಡ ಅಂದೇನೇನು?”

ಅವಳು ವಾಯರಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಕೊಟ್ಟ ಕೈ ಹಗುರವಾಗಿತ್ತು. ಅದು ಅವಳಿಗೇ ಆಶ್ಚರ್ಯ.

ಆ ಮಧ್ಯಾಹ್ನ ಅವಳು ತಿರುಗಿ ಬರುವಾಗ ದಾರಿಯ ಎಡಕ್ಕೆ ಅವರದೇ ಹೊಲದಲ್ಲಿ ಟೋಳಿ ಕಬ್ಬು ಕಡಿಯುತ್ತಿತ್ತು. ಏರು ಬಂತು. ಗಾಡಿ ನಿಧಾನವಾಯಿತು. ಬದುವಿನ ಮೇಲೆ ನಿಂತ ಭೂಪಾಲ ನೋಡಿ, ಕೈಯಲ್ಲಿದ್ದ ಮಚ್ಚು ಕೆಳಗಿಟ್ಟು, ಓಡಿ ಬರಲೆಂದು ಒಂದು ಹೆಜ್ಜೆ ಮುಂದಿಟ್ಟ. ಗಾಡಿ ನಿಲ್ಲಲಿಲ್ಲ. ಅದು ಏರು ಹತ್ತಿ ಮುಗಿಸುವ ತನಕ ಅವನು ಅಲ್ಲೇ ನಿಂತಿದ್ದ. ಆಮೇಲೆ ಮಚ್ಚು ಎತ್ತಿಕೊಂಡು ಕಬ್ಬಿನೊಳಗೆ ನಡೆದ.